ಮೌನಾಚಾರ್ ಸೇತುವೆ

ನಮ್ಮ ಉಕ್ಕಿನ ಕಾರ್ಖಾನೆಯ ಚರಿತ್ರೆ ಕೇಳಿಕೊಂಡು ಬಂದವರಿಗೆಲ್ಲ ನಾನು ಮೊದಲು ಒಂದು ಬಕೀಟು ತೋರಿಸುತ್ತೇನೆ. ನಮ್ಮ ಬಚ್ಚಲಮನೆಯಲ್ಲಿ ಹಂಡೆಯ ಪಕ್ಕ ಇರುತ್ತದೆ. ಅರವತ್ತೆರಡು ವರ್ಷವಾಯಿತು, ಒಂದು ತೊಟ್ಟು ಸೋರಿಲ್ಲ, ಹಿಡಿ ಸಡಿಲವಾಗಿಲ್ಲ. ಬಂದವರು ಅದನ್ನು ನೋಡಿ ಹೂಂ ಅಂದು, ಬೇಗ ಕುಲುಮೆಯ ವಿಷಯಕ್ಕೆ ಬನ್ನಿ ಎನ್ನುವ ಮುಖ ಮಾಡುತ್ತಾರೆ. ಅವರಿಗೆ ಸ್ಥಾಪನೆಯಾದ ವರ್ಷ ಬೇಕು, ಎಷ್ಟು ಟನ್ನು ಎನ್ನುವುದು ಬೇಕು, ಉದ್ಘಾಟನೆಗೆ ಯಾರು ಬಂದಿದ್ದರು ಎನ್ನುವುದು ಬೇಕು. ಅದೆಲ್ಲ ಆಫೀಸಿನ ಗೋಡೆಯ ಮೇಲಿದೆ, ಹೋಗಿ ಬರೆದುಕೊಳ್ಳಿ ಅನ್ನುತ್ತೇನೆ. ಚರಿತ್ರೆಯೇ ಬೇಕಿದ್ದರೆ ಮಾತ್ರ ಕೂತುಕೊಳ್ಳಿ, ಕಾಫಿ ಕಾಯಿಸುತ್ತೇನೆ.

ಕಾರ್ಖಾನೆ ಕಟ್ಟಿಸಿದವರು ಗುರುಲಿಂಗ ಶೆಟ್ಟರು. ಊರಿನ ಹಿಂದೆ ದೊಡ್ಡ ಕಮರಿ ಇದೆ. ಕಲ್ಲು ಬಿಟ್ಟರೆ ಹನ್ನೊಂದು ಎಣಿಸಿದ ಮೇಲೆ ಸದ್ದು ಕೇಳುತ್ತದೆ. ಅದರ ಅಂಚಿನಲ್ಲಿ ಅದಿರು ಸಿಕ್ಕಿತು ಎಂದು ಅಲ್ಲೇ ಕುಲುಮೆ ಹಾಕಿಸಿದರು. ಮೊದಲ ಸಲ ಹೊಯ್ದರು. ತಣ್ಣಗಾದ ಮೇಲೆ ಅಚ್ಚು ಬಿಚ್ಚಿದರೆ ಉಕ್ಕು ರವೆಯ ಹಾಗೆ ಉದುರಿತು. ಎರಡನೆಯ ಸಲವೂ ಅಷ್ಟೇ, ಮೂರನೆಯ ಸಲವೂ ಅಷ್ಟೇ. ದೂರದಿಂದ ತಿಳಿದವರು ಬಂದರು, ಕನ್ನಡಕ ಹಾಕಿಕೊಂಡು ಉದುರಿದ್ದನ್ನು ನೋಡಿದರು, ಬರೆದುಕೊಂಡರು, ಊಟ ಮಾಡಿಕೊಂಡು ಹೋದರು. ಊಟ ಹಾಕುತ್ತಿದ್ದವಳು ನನ್ನ ಅಜ್ಜಿ ಈರಮ್ಮ. ನಾಲ್ಕನೆಯ ಸಲ ಹೊಯ್ಯುವಾಗ ಅವಳು ರೊಟ್ಟಿ ಬುಟ್ಟಿ ಹೊತ್ತುಕೊಂಡು ಅಲ್ಲೇ ಬಂದಳಂತೆ. ಅವತ್ತು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಅವಳ ಮಣ್ಣಿನ ಕೊಡ ಒಡೆದುಹೋಗಿತ್ತು. ಅವಳ ಸಿಟ್ಟೆಲ್ಲ ಹರಿಯುತ್ತಿದ್ದ ಉಕ್ಕಿನ ಮೇಲೆ ತಿರುಗಿತು.

"ಏಯ್, ಮೂರು ಸಲ ಉದುರಿ ಸಾಕಾಗ್ಲಿಲ್ವಾ ನಿಂಗೆ? ಬಕೀಟಾಗು! ಈ ಊರ ಹೆಂಗಸ್ರು ಬಾವಿಯಿಂದ ನೀರು ಹೊರಬೇಕು, ನನ್ ಕೊಡ ಒಡೆದು ಕೂತೈತೆ. ನೆಟ್ಟಗೆ ಬಕೀಟಾಗು!" ಅಂದಳು.

ಎಲ್ಲರೂ ನಕ್ಕರು. ತಣ್ಣಗಾದ ಮೇಲೆ ಅಚ್ಚು ಬಿಚ್ಚಿದರೆ ತಗಡು ಗಟ್ಟಿಯಾಗಿ ಕೂತಿತ್ತು. ಶೆಟ್ಟರು ಅದರಲ್ಲಿ ನೇಗಿಲ ಗುಳ ಮಾಡಿಸೋಣ ಎಂದರೆ ಸುತ್ತಿಗೆ ಹಿಮ್ಮೆಟ್ಟಿ ಬಂತು. ನನ್ನ ಅಜ್ಜ ಬಡಿಗೆ ಹಿಡಿದು ಬಕೀಟಿನ ಹಾಗೆ ಬಗ್ಗಿಸಲು ಹೋದರೆ ಚಪಾತಿ ಹಿಟ್ಟಿನಷ್ಟು ಸಲೀಸಾಗಿ ಬಗ್ಗಿತು. ನಲವತ್ತೆರಡು ಬಕೀಟಾದವು. ಶೆಟ್ಟರು ಬುದ್ಧಿವಂತರು, ಯಾಕೆ ಹೇಗೆ ಎಂದು ತಲೆ ಕೆಡಿಸಿಕೊಳ್ಳಲಿಲ್ಲ. "ಈರವ್ವ, ಇವತ್ತಿಂದ ಅಡುಗೆ ಬಿಡು. ನೀನು ಹೇಳೋಳು" ಅಂದರು. ಈಗಲೂ ನನ್ನ ಸಂಬಳದ ಚೀಟಿಯಲ್ಲಿ ಹುದ್ದೆಯ ಎದುರು ಹಾಗೇ ಅಚ್ಚಾಗುತ್ತದೆ: ಹೇಳುವವರು. ಕಾಳಮ್ಮ, ಹೇಳುವವರು.

ಕೆಲಸ ಕೇಳಲಿಕ್ಕೆ ಸುಲಭ. ಕುಲುಮೆಯ ಬಾಯಿ ತೆರೆಯುವ ಮೊದಲು ಒಬ್ಬಳೇ ಹತ್ತಿರ ಹೋಗಿ ನಿಂತು, ನೀನು ಇಂಥದ್ದಾಗುತ್ತೀಯ, ಇಂಥವರು ನಿನ್ನನ್ನು ಬಳಸುತ್ತಾರೆ ಎಂದು ಉಕ್ಕಿಗೆ ಹೇಳಬೇಕು. ಒಮ್ಮೆ ಹೇಳಿದ್ದನ್ನು ಬದಲಾಯಿಸುವ ಹಾಗಿಲ್ಲ. ಕಣ್ಣಾರೆ ನೋಡದ್ದನ್ನು ಹೇಳುವ ಹಾಗಿಲ್ಲ. ಅಜ್ಜಿ ಒಮ್ಮೆ ಆನೆಯ ಸರಪಳಿಗೆ ಹೇಳುವ ಮೊದಲು ಆನೆ ನೋಡಲೆಂದೇ ಎರಡು ದಿನ ಗಾಡಿಯಲ್ಲಿ ಹೋಗಿಬಂದಿದ್ದಳು. ಹೇಳಿದ ಮೇಲೆ ಏನು ಹೇಳಿದಿರಿ ಎಂದು ಯಾರೂ ಕೇಳಬಾರದು. ಕೇಳಿದರೆ ಹೇಳಿಕೆ ಕೆಡುತ್ತದೆ ಎಂದು ಅಜ್ಜಿ ಅನ್ನುತ್ತಿದ್ದಳು. ಕುಲುಮೆಯ ಅಬ್ಬರದಲ್ಲಿ ಪಕ್ಕದವರಿಗೂ ಏನೂ ಕೇಳಿಸುವುದಿಲ್ಲ. ಆಮೇಲೆ ಬಂದು ಕೇಳುವ ಧೈರ್ಯವನ್ನೂ ಅದುವರೆಗೆ ಯಾರೂ ಮಾಡಿರಲಿಲ್ಲ.

ಊರು ಇದಕ್ಕೆ ಹೊಂದಿಕೊಂಡಿತು. ನಮ್ಮಲ್ಲಿ ಬಟ್ಟೆ ಕತ್ತರಿಸುವ ಕತ್ತರಿಯಿಂದ ಕೂದಲು ಕತ್ತರಿಸಲು ಯಾರೂ ಹೋಗುವುದಿಲ್ಲ, ಅದು ಬಾಯಿಯೇ ಮುಚ್ಚುವುದಿಲ್ಲ. ಒಬ್ಬ ಮೇಷ್ಟ್ರು ತಾನು ಮದುವೆಯಾಗುವುದಿಲ್ಲ ಎಂದು ಒಬ್ಬನಿಗೆ ಸಾಕಾಗುವ ಮಂಚ ಹೇಳಿಸಿದರು. ಮರುವರ್ಷವೇ ಮದುವೆಯಾದರು. ಮಂಚ ಹೊಸ ಹೆಂಡತಿಯನ್ನು ಮೂರು ಸಲ ಕೆಳಗೆ ಉರುಳಿಸಿತು. ಕೊನೆಗೆ ಮೇಷ್ಟ್ರು ಅದನ್ನು ಬ್ರಹ್ಮಚಾರಿ ಕಂಪೌಂಡರಿಗೆ ಕೊಟ್ಟು ನನ್ನ ಮುಂದೆ ತಲೆ ಕೆರೆದುಕೊಂಡು ನಿಂತರು. "ಈ ಸಲ ಎಷ್ಟು ಜನಕ್ಕೆ ಹೇಳ್ಲಿ ಮೇಷ್ಟ್ರೇ? ಯೋಚ್ನೆ ಮಾಡಿ ಹೇಳಿ" ಅಂದೆ. ಐದು ಜನಕ್ಕೆ ಎಂದರು. ಈಗ ಆ ಮಂಚದ ಮೇಲೆ ಸರಿಯಾಗಿ ಐದು ಜನ ಮಲಗುತ್ತಾರೆ.

ಅಜ್ಜಿಯ ನಂತರ ಹೇಳುವ ಕೆಲಸ ನನ್ನ ಅಪ್ಪ ಮೌನಾಚಾರ್‌ಗೆ ಬಂತು. ಹೆಸರು ಮೌನಾಚಾರ್, ದಿನವಿಡೀ ಮಾತಾಡುವ ಉದ್ಯೋಗ ಎಂದು ಊರೆಲ್ಲ ಅವನನ್ನು ಗೇಲಿ ಮಾಡುತ್ತಿತ್ತು. ಅವನಂಥ ಹೇಳುವವನು ಇನ್ನೊಬ್ಬ ಇರಲಿಲ್ಲ, ಇದನ್ನು ನಾನು ಮಗಳೆಂದು ಹೇಳುತ್ತಿಲ್ಲ. ಅವನು ಹೇಳಿದ ಕುಡುಗೋಲು ಹಿಡಿದವರ ಕೈಗೆ ಬೊಬ್ಬೆ ಬರುತ್ತಿರಲಿಲ್ಲ. ಅವನು ಹೇಳಿದ ತೊಟ್ಟಿಲಲ್ಲಿ ಮಕ್ಕಳು ಅಳದೆ ಮಲಗುತ್ತಿದ್ದವು. ನನಗೆ ಒಂಬತ್ತು ವರ್ಷ ತುಂಬುವವರೆಗೂ ನಮ್ಮಪ್ಪನಷ್ಟು ದೊಡ್ಡ ಮನುಷ್ಯ ಲೋಕದಲ್ಲೇ ಇಲ್ಲ ಎಂದುಕೊಂಡಿದ್ದೆ.

ಆ ವರ್ಷ, ಕಾರ್ಖಾನೆಗೆ ಇಪ್ಪತ್ತನಾಲ್ಕು ತುಂಬಿದಾಗ, ದೂರದ ಒಂದು ಹೊಳೆದಂಡೆಯ ಊರಿನವರು ಸೇತುವೆಗೆ ಉಕ್ಕು ಕೇಳಿಕೊಂಡು ಬಂದರು. ಅಷ್ಟು ದೊಡ್ಡ ಕೆಲಸ ನಮಗೆ ಅದುವರೆಗೆ ಬಂದಿರಲಿಲ್ಲ. ಶೆಟ್ಟರಿಗೆ ಆತುರ. ಅಪ್ಪ ಹೋಗಿ ಹೊಳೆ ನೋಡಿಕೊಂಡು ಬರುತ್ತೇನೆ ಎಂದರೆ ಪುರುಸೊತ್ತಿಲ್ಲ, ಮೂರು ದಿನದಲ್ಲಿ ಹೊಯ್ಯಬೇಕು ಅಂದರು. ಹೊಯ್ದಾಯಿತು. ಒಂದು ತೊಲೆಯಲ್ಲೂ ಒಂದು ಗೆರೆಯಷ್ಟು ಬಿರುಕಿರಲಿಲ್ಲ. ಬಣ್ಣವೇ ಬೇರೆ, ಸ್ವಲ್ಪ ನೀಲಿ. ಊರೇ ಹೋಗಿ ಮುಟ್ಟಿ ನೋಡಿ ಬಂತು. ಲಾರಿಗಳಲ್ಲಿ ಹೇರಿಕೊಂಡು ಹೋದರು. ಹದಿನೈದು ದಿನಕ್ಕೆ ಅದೇ ಲಾರಿಗಳು ವಾಪಸು ಬಂದವು. ಹೊಳೆಯ ಮೇಲೆ ಒಂದು ತೊಲೆಯೂ ನಿಲ್ಲಲಿಲ್ಲವಂತೆ. ಹಾಕಿದ ಮೊಳೆಗಳೆಲ್ಲ ಹಾರಿ ನೀರಿಗೆ ಬಿದ್ದವಂತೆ. ಬಂದವರು ಬಯ್ಯಲೂ ಇಲ್ಲ, ತೊಲೆಗಳನ್ನು ಹಿತ್ತಲ ಬಯಲಲ್ಲಿ ಇಳಿಸಿ ಹೋದರು.

ಅಪ್ಪ ಆ ತೊಲೆಗಳನ್ನು ನೋಡುತ್ತ ನಿಂತದ್ದು ನನಗೆ ನೆನಪಿದೆ. ಯಾರೂ ಏನೂ ಕೇಳಲಿಲ್ಲ, ಕೇಳಬಾರದಲ್ಲ. ನೋಡದ ಹೊಳೆಯ ಬಗ್ಗೆ ಏನೋ ತಪ್ಪು ಹೇಳಿದ್ದಾನೆ ಎಂದು ಎಲ್ಲರೂ ತಮ್ಮಷ್ಟಕ್ಕೆ ತಿಳಿದುಕೊಂಡರು. ಅವತ್ತೇ ಅಪ್ಪ ಕೆಲಸ ಬಿಟ್ಟು ತೂಕದ ಮನೆಗೆ ಹಾಕಿಸಿಕೊಂಡ. ಅದಿರಿನ ಗಾಡಿ ತೂಗಿ ಚೀಟಿ ಬರೆಯುವುದು, ಮಾತಿಲ್ಲ. ಮನೆಯಲ್ಲಿ ಉಕ್ಕಿನ ಸೌಟಿನ ಎದುರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅಜ್ಜಿಯೇ ಅರವತ್ತನೆಯ ವಯಸ್ಸಿನಲ್ಲಿ ಸೊಂಟ ಕಟ್ಟಿಕೊಂಡು ಮತ್ತೆ ಕುಲುಮೆಯ ಮುಂದೆ ನಿಂತಳು. ನನಗೆ ಹದಿನೇಳಾದಾಗ ಕೆಲಸವನ್ನು ನನ್ನ ಕೈಗೆ ಕೊಟ್ಟು ಉಸ್ಸೆಂದು ಕೂತಳು.

ತೊಲೆಗಳು ಹಿತ್ತಲಲ್ಲೇ ಇದ್ದವು. ತುಕ್ಕು ಹಿಡಿಯಲಿಲ್ಲ. ಕ್ರೇನು ತಂದರೂ ಜಾಗ ಬಿಟ್ಟು ಏಳಲಿಲ್ಲ. ಒಂದೇ ಒಂದನ್ನು ಹೇಗೋ ಎಳೆದುಕೊಂಡು ಹೋಗಿ ಊರ ನಾಲೆಗೆ ಅಡ್ಡ ಇಟ್ಟು ನೋಡಿದರು. ಅದು ನೀರಲ್ಲಿ ಮಲಗಿತು. ಬೇರೆ ಉಕ್ಕಿನಿಂದ ಸೇತುವೆ ಮಾಡೋಣ ಎಂದು ಅಜ್ಜಿ ಹೇಳಿ ನೋಡಿದಳು, ರವೆಯಾಗಿ ಉದುರಿತು. ಮೊದಲಿನದು ಕಾದು ಕೂತಿರುವಾಗ ಎರಡನೆಯದು ಬರುವುದಿಲ್ಲ ಎಂದು ಗೊತ್ತಾಯಿತು. ಊರಿನವರು ಆ ರಾಶಿಗೆ ಮೌನಾಚಾರ್ ಸೇತುವೆ ಎಂದು ಹೆಸರಿಟ್ಟರು. ಯಾರಾದರೂ ಮಾಡಲಾಗದ ಕೆಲಸ ಒಪ್ಪಿಕೊಂಡರೆ, ಆಗ್ಲಿ ಬಿಡು, ಮೌನಾಚಾರ್ ಸೇತುವೆ ಮೇಲೆ ಹೋಗಿ ಮಾಡ್ಕೊಂಡು ಬಾ, ಅನ್ನುವುದು ರೂಢಿಯಾಯಿತು. ಅಪ್ಪನ ಎದುರು ಅನ್ನುತ್ತಿರಲಿಲ್ಲ. ನನ್ನ ಎದುರು ಒಬ್ಬ ಅಂದ, ಅವನಿಗೆ ನಾನು ಕೊಟ್ಟ ಉತ್ತರ ಇಲ್ಲಿ ಬೇಡ.

ಹೀಗೆ ಮೂವತ್ತೆಂಟು ವರ್ಷ ಹೋಯಿತು. ಶೆಟ್ಟರು ಹೋದರು, ಅವರ ಮಕ್ಕಳು ಕಾರ್ಖಾನೆಯನ್ನು ದೊಡ್ಡ ಕಂಪನಿಯೊಂದಕ್ಕೆ ಮಾರಿದರು. ಕಮರಿಯ ಈಚೆ ಕಡೆಯ ಅದಿರು ಮುಗಿಯಿತು. ಆಚೆ ಕಡೆಯ ಕೆಂಪು ಗುಡ್ಡದಲ್ಲಿ ಬೇಕಾದಷ್ಟಿದೆ, ಕಣ್ಣಿಗೆ ಕಾಣುತ್ತದೆ. ಆದರೆ ಲಾರಿ ಮೂರು ಊರು ಸುತ್ತಿ ಬರಬೇಕು, ಒಂದು ದಿನದ ದಾರಿ. ಈ ವರ್ಷ ಸಂಕ್ರಾಂತಿ ಮುಗಿದ ವಾರಕ್ಕೆ, ಬಾಡಿಗೆ ಗಿಟ್ಟದೆ, ಅದಿರಿನ ಲಾರಿಗಳು ನಿಂತವು. ಕಂಪನಿಯವರು ಜಯತೀರ್ಥ ಎಂಬ ಹೊಸ ಮ್ಯಾನೇಜರನ್ನು ಕಳಿಸಿದರು. ಅವರು ಎಂಜಿನಿಯರು, ಕೆಟ್ಟ ಮನುಷ್ಯರಲ್ಲ, ಬಿಸಿಲಿಗೆ ಟೋಪಿ ಹಾಕಿಕೊಂಡು ಎಲ್ಲ ಕಡೆ ತಾವೇ ನಡೆದು ನೋಡಿದರು. ನಾಲ್ಕನೆಯ ದಿನ ನನ್ನನ್ನೂ ಕುಲುಮೆಯ ಮೇಸ್ತ್ರಿ ದಸ್ತಗೀರಣ್ಣನನ್ನೂ ಕರೆಸಿದರು.

"ನೋಡಿ, ಇರುವ ಅದಿರು ಹತ್ತೊಂಬತ್ತು ದಿನಕ್ಕೆ ಬರುತ್ತೆ. ಆಮೇಲೆ ಕುಲುಮೆ ಆರುತ್ತೆ. ಆರಿದರೆ ಮತ್ತೆ ಹೊತ್ತಿಸೋದಿಲ್ಲ ಅಂತ ಮೇಲಿನವರು ಹೇಳಿಬಿಟ್ಟಿದ್ದಾರೆ. ಹಿತ್ತಲಲ್ಲಿ ಅಷ್ಟೊಂದು ಉಕ್ಕು ಸುಮ್ಮನೆ ಬಿದ್ದಿದೆಯಲ್ಲ, ಅದನ್ನೇ ಕರಗಿಸಿದರೆ ಆರು ತಿಂಗಳು ನಡೆಯುತ್ತೆ. ಅಷ್ಟರಲ್ಲಿ ನಾನು ಏನಾದರೂ ದಾರಿ ಹುಡುಕ್ತೀನಿ" ಅಂದರು.

ದಸ್ತಗೀರಣ್ಣ ನನ್ನ ಮುಖ ನೋಡಿದ. ಮುನ್ನೂರ ಎಂಬತ್ತು ಮನೆಗಳ ಒಲೆ ಆ ಒಂದು ಕುಲುಮೆಯಿಂದ ಹೊತ್ತುತ್ತಿತ್ತು. "ಅದು ಕರಗಲ್ಲ ಸಾಹೇಬ್ರೇ" ಅಂದ. "ಪ್ರಯತ್ನ ಮಾಡೋಣ" ಎಂದರು ಅವರು. ಮಾಡಿದರು. ನಾಲೆಗೆ ಹೋಗಿಬಂದಿದ್ದ ಆ ಒಂದು ತೊಲೆಯನ್ನು ಹದಿನಾರು ಜನ ಉರುಳಿಸಿಕೊಂಡು ಬಂದು ಕುಲುಮೆಗೆ ಹಾಕಿದರು. ಒಂದು ಪಾಳಿ ಪೂರ್ತಿ ಬೇಯಿಸಿ ತೆಗೆದರೆ ಬೆಚ್ಚಗಾಗಿತ್ತು, ಅಷ್ಟೇ. ಬಿಸಿಲಲ್ಲಿಟ್ಟ ಹಪ್ಪಳದಷ್ಟು ಬೆಚ್ಚಗೆ.

"ಕಾಳಮ್ಮನವರೇ, ನೀವು ಹೇಳಿ ನೋಡಿ. ನೀನು ಗುಜರಿ ಅಂತ ಹೇಳಿ" ಎಂದರು ಜಯತೀರ್ಥರು.

ಒಮ್ಮೆ ಹೇಳಿದ್ದನ್ನು ಬದಲಾಯಿಸುವ ಹಾಗಿಲ್ಲ ಎಂದು ನನಗೆ ಗೊತ್ತು. ಆದರೂ ಹೋದೆ. ಮನೆ ಮನೆಯ ಮುಖಗಳು ಕಣ್ಣ ಮುಂದಿದ್ದವು. ತೊಲೆಯ ಹತ್ತಿರ ಕೂತು, "ನೀನು ಗುಜರಿ, ಕರಗು" ಅಂದೆ. ಅಂದ ಕೂಡಲೇ ಬಾಯಿ ಕಹಿಯಾಯಿತು. ಮೂವತ್ತು ವರ್ಷದಲ್ಲಿ ಉಕ್ಕಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಅದೂ ನಮ್ಮಪ್ಪ ಹೇಳಿದ ಉಕ್ಕಿಗೆ. ತೊಲೆ ಅಲುಗಲಿಲ್ಲ. ಅದರ ನೀಲಿ ಬಣ್ಣದಲ್ಲಿ ನನ್ನ ಮುಖ ಕಂಡು ನಾಚಿಕೆಯಾಗಿ ಎದ್ದು ಬಂದೆ.

ಅವತ್ತು ಮಧ್ಯಾಹ್ನ ಅಪ್ಪ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದ. ಅವನಿಗೆ ಎಪ್ಪತ್ತೆಂಟು. ನಾನೂ ಪಕ್ಕದಲ್ಲಿ ಕೂತು ನಾಲ್ಕು ಕಾಯಿ ಸುಲಿದೆ. ಕೇಳಿದರೆ ಹೇಳಿಕೆ ಕೆಡುತ್ತದೆ ಎಂಬ ಅಜ್ಜಿಯ ಮಾತು ಎದೆಯಲ್ಲಿ ಹೊಡೆದುಕೊಳ್ಳುತ್ತಿತ್ತು. ಕೆಟ್ಟರೆ ಆ ತೊಲೆಗಳು ರವೆಯಾಗುತ್ತವೆ. ಕೇಳದಿದ್ದರೆ ಕುಲುಮೆ ಆರುತ್ತದೆ. ಬೇರೆ ಯಾರಾದರೂ ಆಗಿದ್ದರೆ ಕೇಳಲು ಹಕ್ಕಿಲ್ಲ, ನಾನು ಹೇಳುವವಳು, ನಾನೇ ಕೇಳಬೇಕು ಎಂದು ಗಟ್ಟಿ ಮಾಡಿಕೊಂಡೆ.

"ಅಪ್ಪಾ, ಅವತ್ತು ಅದಕ್ಕೆ ಏನ್ ಹೇಳ್ದೆ?"

ಅವನ ಕೈ ನಿಂತಿತು. ಆಮೇಲೆ, "ಕೇಳ್ಬಾರ್ದು ಅಂತ ನಿಮ್ಮಜ್ಜಿ ಹೇಳಿಕೊಟ್ಟಿರ್ಲಿಲ್ವಾ?" ಅಂದ.

"ಹೇಳಿಕೊಟ್ಟಿದ್ಲು. ಹತ್ತೊಂಬತ್ತು ದಿನದಾಗೆ ನಾಕು ಹೋದ್ವು ಅಪ್ಪ. ಕುಲುಮೆ ಆರೋಗ್ತೈತೆ."

ಅವನು ಮೊರ ಪಕ್ಕಕ್ಕಿಟ್ಟ. "ಹೊಳೆ ನಾನು ನೋಡಿರ್ಲಿಲ್ಲ ಮಗಾ. ನೋಡದ್ದನ್ನ ಹೆಂಗ್ ಹೇಳ್ಲಿ? ಕುಲುಮೆ ಮುಂದೆ ನಿಂತ್ಕೊಂಡು ಯೋಚ್ನೆ ಮಾಡ್ದೆ. ದಾಟೋದು ಅಂದ್ರೆ ನಂಗೆ ಗೊತ್ತಿದ್ದಿದ್ದು ಒಂದೇ. ನೀನು ನಂಗೆ ಬುತ್ತಿ ತಗೊಂಡು ಬರ್ತಿದ್ದೆ. ದಿನಾ ಆ ಕಮರಿ ಅಂಚಿಗೆ ಹೋಗಿ ನಿಂತ್ಕೊಂಡು, ಆ ಕಡೆ ಏನೈತಪ್ಪ, ಆ ಕಡೆ ಏನೈತಪ್ಪ ಅಂತ ನನ್ ಪ್ರಾಣ ತಿಂತಿದ್ದೆ. ಅದೇ ಬಾಯಿಗೆ ಬಂತು. ಈ ಕಮರಿ ಮೇಲೆ ಮಲಗು ಅಂದೆ. ನಮ್ಮೂರ ಹೆಂಗಸ್ರು ತಲೆ ಮೇಲೆ ಬುಟ್ಟಿ ಇಟ್ಕೊಂಡು ನಿನ್ ಮೇಲೆ ನಡೀತಾರೆ, ಪಾಳಿ ಬಿಟ್ಟೋರು ಬೀಡಿ ಸೇದ್ಕೊಂಡು ನಡೀತಾರೆ ಅಂದೆ. ಎಲ್ಲರಿಗಿಂತ ಮುಂಚೆ ನಾನು ನನ್ ಮಗಳ ಕೈ ಹಿಡ್ಕೊಂಡು ದಾಟ್ತೀನಿ, ಆ ಕಡೆ ಏನೈತೆ ಅಂತ ಅವಳಿಗೆ ತೋರಿಸ್ತೀನಿ ಅಂದೆ. ಅಷ್ಟೇ ಕಣವ್ವ ಹೇಳಿದ್ದು."

ಮೂವತ್ತೆಂಟು ವರ್ಷ ಆ ತೊಲೆಗಳ ಪಕ್ಕದಲ್ಲೇ ಹಾದು ಕೆಲಸಕ್ಕೆ ಹೋಗಿದ್ದೇನೆ. ಅವು ನನಗಾಗಿ ಕಾಯುತ್ತಿದ್ದವು ಎಂದು ಹೇಗೆ ತಿಳಿಯಬೇಕು?

"ಯಾಕಪ್ಪ ಬಾಯಿ ಬಿಡ್ಲಿಲ್ಲ?" ಅಂದೆ.

"ಯಾರು ಕೇಳಿದ್ರು? ಕೇಳಿದ್ರೂ ಹೇಳ್ತಿರ್ಲಿಲ್ಲ. ಪರಊರಿನೋರ ಸೇತುವೆಗೆ ನನ್ ಮನೆ ಆಸೆ ಹಾಕ್ಬಿಟ್ಟೆ. ನಮ್ ಕೆಲಸದಾಗೆ ಅದಕ್ಕಿಂತ ದೊಡ್ಡ ತಪ್ಪು ಇಲ್ಲ. ಶೆಟ್ರ ಮುಖ ಹೆಂಗ್ ನೋಡ್ಲಿ?" ಎಂದು ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ನಾನೂ ಅತ್ತೆ. ಸಿಟ್ಟೂ ಬಂತು. ಇಷ್ಟು ದಿನ ಒಬ್ಬನೇ ಹೊತ್ತುಕೊಂಡು ಕೂತನಲ್ಲ ಎಂದು ಸಿಟ್ಟು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಸೀದಾ ಹಿತ್ತಲ ಬಯಲಿಗೆ ಓಡಿದೆ. ತೊಲೆಗಳು ರವೆಯಾಗಿರಲಿಲ್ಲ. ಅಜ್ಜಿ ಹೇಳಿದ್ದೆಲ್ಲ ಸರಿ ಇರಬೇಕೆಂದೇನಿಲ್ಲ.

ಜಯತೀರ್ಥರು ನಾನು ಹೇಳಿದ್ದನ್ನು ಕೇಳಿ ಟೋಪಿ ತೆಗೆದರು, ಹಾಕಿಕೊಂಡರು. ನಂಬಿಕೆ ಬರಲಿಲ್ಲ, ಆದರೂ ಟೇಪು ಹಿಡಿಸಿಕೊಂಡು ಹೋಗಿ ಬಯಲಲ್ಲಿದ್ದ ತೊಲೆಗಳ ಉದ್ದ ಕೂಡಿದರು. ಆಮೇಲೆ ಅಂಚಿನಲ್ಲಿ ತಮ್ಮ ಮೂರುಕಾಲಿನ ಯಂತ್ರ ನಿಲ್ಲಿಸಿ ಕಮರಿಯ ಅಗಲ ಅಳೆದರು. ಮತ್ತೆ ಅಳೆದರು. ಮೂರನೆಯ ಸಲ ಅಳೆದು ಕಲ್ಲಿನ ಮೇಲೆ ಕೂತುಬಿಟ್ಟರು.

"ಹೊಳೆಗೆ ಅಂತ ಹಾಕಿದ ನಕ್ಷೆ ಕಾಳಮ್ಮನವರೇ. ಈ ಕಮರಿಗೆ ಅಳತೆ ತೆಗೆದು ಮಾಡಿದ ಹಾಗೆ ಹೇಗೆ ಸರಿಹೋಗುತ್ತೆ?"

"ನಕ್ಷೆ ಶೆಟ್ರದು ಸಾಹೇಬ್ರೇ, ಹೇಳಿಕೆ ನಮ್ಮಪ್ಪಂದು" ಅಂದೆ. ಅಷ್ಟು ಜಂಭದಿಂದ ನಾನು ಯಾವತ್ತೂ ಮಾತಾಡಿರಲಿಲ್ಲ.

ಅವರು ಬೇಗ ಹುರುಪಾದರು. ಆ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಅದಿರು ತರಿಸೋಣ ಎಂದು ಕಾಗದದ ಮೇಲೆ ಗೆರೆ ಎಳೆಯತೊಡಗಿದರು. ನಮ್ಮ ಜಗಲಿಗೆ ಬಂದು ಅಪ್ಪನನ್ನು ಕೇಳಿದರೆ ಅವನು ಅಡ್ಡ ತಲೆಯಾಡಿಸಿದ. "ಟ್ರ್ಯಾಕ್ಟರು ಹೇಳಿಲ್ಲ ಸಾಹೇಬ್ರೇ. ಆಗ ನಮ್ಮೂರಾಗೆ ಟ್ರ್ಯಾಕ್ಟರು ಇರ್ಲಿಲ್ಲ. ಹೇಳಿರೋದು ನಡೆಯೋರನ್ನ ಮಾತ್ರ, ತಲೆ ಮೇಲೆ ಬುಟ್ಟಿ." ಜಯತೀರ್ಥರು ಪೆಚ್ಚಾದರು. ಆದರೆ ಅಲ್ಲಿ ನಿಂತಿದ್ದ ಹೆಂಗಸರು ಆಗಲೇ ತಮ್ಮ ತಮ್ಮಲ್ಲಿ ಲೆಕ್ಕ ಹಾಕುತ್ತಿದ್ದರು. ಮನೆಗೆ ಇಬ್ಬರು, ದಿನಕ್ಕೆ ಮೂರು ಸಲ. ದಸ್ತಗೀರಣ್ಣನ ಹೆಂಡತಿ ಹಸೀನಾ, "ಗಂಡಸ್ರೂ ಹೊರಲಿ ಬಿಡ್ರೀ, ಅವರ ತಲೆ ಏನು ಗಾಜಿಂದಾ?" ಅಂದಳು. ಈಗ ಹಾಗೇ ನಡೆಯುತ್ತಿದೆ. ಬೆಳಿಗ್ಗೆ ಸೈರನ್ ಆದ ಕೂಡಲೇ ಊರು ಸಾಲಾಗಿ ಆಚೆ ಹೋಗಿ ಬುಟ್ಟಿ ತುಂಬಿಕೊಂಡು ಬರುತ್ತದೆ, ಜಯತೀರ್ಥರೂ ಭಾನುವಾರ ಒಂದು ಬುಟ್ಟಿ ಹೊರುತ್ತಾರೆ. ಅವರ ಟೋಪಿ ಬುಟ್ಟಿಯ ಕೆಳಗೆ ಸಿಂಬಿಯ ಕೆಲಸಕ್ಕೆ ಬಂತು.

ಆದರೆ ಅದಕ್ಕೂ ಮೊದಲು ಕಟ್ಟಬೇಕಲ್ಲ. ಎಲ್ಲರಿಗಿಂತ ಮುಂಚೆ ಅಪ್ಪ ಮತ್ತು ನಾನು ದಾಟಬೇಕು ಎಂದು ಹೇಳಿಕೆ ಇದ್ದುದರಿಂದ ಕಟ್ಟುವವರು ಯಾರೂ ದಾಟುವಂತಿರಲಿಲ್ಲ. ಅರ್ಧ ಜನ ಮೂರು ಊರು ಸುತ್ತಿ ಆಚೆ ಕಡೆ ಹೋಗಿ ಬಿಡಾರ ಹೂಡಿದರು. ಅವರ ಪಾಲಿನ ತೊಲೆಗಳೂ ಲಾರಿಯಲ್ಲಿ ಸುತ್ತಿಕೊಂಡೇ ಹೋದವು. ಕ್ರೇನಿಗೆ ಏಳದಿದ್ದ ತೊಲೆಯನ್ನು ಎಂಟು ಜನ ಹೆಗಲು ಕೊಟ್ಟು ಎತ್ತಿದರು. ಎತ್ತಿದವರಲ್ಲಿ ಒಬ್ಬ ನನ್ನ ಎದುರು ಗೇಲಿ ಮಾಡಿದ್ದವನೇ. "ಬಾಳೆದಿಂಡಿನಷ್ಟೂ ಭಾರ ಇಲ್ಲ ಕಣಕ್ಕ" ಎಂದು ನನ್ನ ಮುಖ ನೋಡದೆ ಹೇಳಿ ಹೋದ. ಎರಡೂ ಅಂಚಿನಿಂದ ಸೇತುವೆ ಬೆಳೆಯುತ್ತ ಬಂತು. ಹಾಕಿದ ಒಂದು ಮೊಳೆಯೂ ಹಾರಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಎರಡು ತುದಿಗಳು ನಡುವೆ ಎದುರುಬದುರಾದವು. ಇನ್ನು ನಾಲ್ಕು ಬೆರಳಿನಷ್ಟು ಸಂದು.

ಆ ನಾಲ್ಕು ಬೆರಳು ಮುಚ್ಚಲಿಲ್ಲ. ದಸ್ತಗೀರಣ್ಣ ಜಾಕು ಹಚ್ಚಿದ, ಹಗ್ಗ ಹಾಕಿ ಎಳೆಸಿದ, ಬೆಂಕಿ ಕೊಟ್ಟ, ಬಯ್ದ. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಅದಿರು ಎರಡು ದಿನಕ್ಕೆ ಉಳಿದಿತ್ತು. ಮೂರನೆಯ ದಿನ ಬೆಳಗಿನ ಪಾಳಿಯ ಹೊತ್ತಿಗೆ ಅವನು ಮಸಿ ಮುಖದಲ್ಲೇ ನಮ್ಮ ಮನೆ ಬಾಗಿಲಿಗೆ ಬಂದು ನಿಂತ.

"ಆಚಾರ್ರೇ, ನನ್ ಕೈಲಿ ಆಗ್ತಿಲ್ಲ. ಅದು ನಿಮ್ ದಾರಿ ನೋಡ್ತಿರಬೇಕು. ಒಂದ್ಸಲ ಬರ್ರಿ."

ಅಪ್ಪ ಮೂವತ್ತೆಂಟು ವರ್ಷದಿಂದ ಆ ಬಯಲಿಗಾಗಲಿ ಕಮರಿಯ ಅಂಚಿಗಾಗಲಿ ಕಾಲಿಟ್ಟಿರಲಿಲ್ಲ. "ನಂಗೀಗ ಎಪ್ಪತ್ತೆಂಟು. ಇವಳಿಗೆ ನಲವತ್ತೇಳು. ಅದಕ್ಕೆ ಹೇಳಿದ್ದು ಸಣ್ಣ ಮಗಳ ಕೈ ಹಿಡ್ಕೊಂಡು ಬರ್ತೀನಿ ಅಂತ. ಹೊತ್ತು ಮೀರಿಹೋಗೈತೆ ದಸ್ತಗೀರ" ಅಂದ. ಅವನ ಹೆದರಿಕೆ ನನಗೆ ಅರ್ಥವಾಯಿತು. ಹೋದ ಮೇಲೂ ಸಂದು ಮುಚ್ಚದಿದ್ದರೆ, ಊರೆಲ್ಲ ನೋಡುತ್ತಿರುವಾಗ ಎರಡನೆಯ ಸಲ ಸೋಲಬೇಕು. ಅದನ್ನು ಅವನು ತಡೆದುಕೊಳ್ಳಲಾರ. ನಾನು ಒಳಗೆ ಹೋಗಿ ಅವನ ಕೋಲು ತಂದೆ. ಆಮೇಲೆ ಅಡುಗೆಮನೆಗೆ ಹೋಗಿ ಎರಡು ರೊಟ್ಟಿ, ಚಟ್ನಿ ಹಾಕಿ ಬುತ್ತಿ ಕಟ್ಟಿದೆ, ಆಗ ಕಟ್ಟುತ್ತಿದ್ದ ಹಾಗೇ. ಬುತ್ತಿ ಕಂಡು ಅವನು ಎದ್ದ.

ಊರೆಲ್ಲ ಅಂಚಿನಲ್ಲಿ ನಿಂತಿತ್ತು. ಆಚೆ ಅಂಚಿನಲ್ಲೂ ನಮ್ಮವರೇ, ಚಿಕ್ಕದಾಗಿ ಕಾಣುತ್ತಿದ್ದರು. ಮೊದಲ ತೊಲೆಯ ಮೇಲೆ ಕಾಲಿಡುವಾಗ ಅಪ್ಪ ನಿಂತ. ಕೋಲನ್ನು ದಸ್ತಗೀರಣ್ಣನ ಕೈಗೆ ಕೊಟ್ಟು ನನ್ನ ಕೈ ಹಿಡಿದ. ನಾವು ನಡೆದೆವು. ಕೆಳಗೆ ನೋಡಬಾರದೆಂದುಕೊಂಡೂ ನೋಡಿದೆ, ತಲೆ ತಿರುಗಿತು, ಅವನೇ ನನ್ನನ್ನು ಬಿಗಿಯಾಗಿ ಹಿಡಿದುಕೊಂಡ. ನಡುವಿನ ಸಂದಿನ ಹತ್ತಿರ ಬಂದೆವು. ನಾಲ್ಕು ಬೆರಳಿನ ಸಂದಿನಲ್ಲಿ ಕಮರಿಯ ತಳ ಕಾಣುತ್ತಿತ್ತು. ಅದು ಹಾಗೇ ಇತ್ತು.

ಅಪ್ಪನ ಮುಖ ಬಾಡಿತು. "ನೋಡ್ದಾ?" ಅಂದ.

ನನಗೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಲಿಲ್ಲ. ಉಕ್ಕಿಗೆ ಹೇಳುವ ಕೆಲಸ ಮೂವತ್ತು ವರ್ಷ ಮಾಡಿದ್ದೇನೆ, ಆದರೆ ಇಲ್ಲಿ ಹೇಳುವವಳು ನಾನಲ್ಲ, ನಾನು ಹೇಳಿಕೆಯ ಒಳಗಿನವಳು. ಹಾಗಾದರೆ ನನ್ನ ಪಾಲಿಗೆ ಇರುವುದು ಒಂದೇ ಮಾತು. ಊರೆಲ್ಲ ನೋಡುತ್ತಿದೆ ಎಂಬುದನ್ನು ಮರೆತು, ನಲವತ್ತೇಳು ವರ್ಷದ ಗಂಟಲಿನಿಂದಲೇ ಕೇಳಿದೆ.

"ಆ ಕಡೆ ಏನೈತಪ್ಪ?"

ಅಪ್ಪ ನನ್ನನ್ನೇ ನೋಡಿದ. "ಬಾ ಮಗಾ, ನೋಡೋಣ" ಎಂದು ಕಾಲೆತ್ತಿ ಇಟ್ಟ. ಪೆಟ್ಟಿಗೆಯ ಬೀಗ ಬಿದ್ದ ಹಾಗೆ ಟಕ್ಕೆಂದು ಸದ್ದಾಯಿತು. ಕೆಳಗೆ ನೋಡಿದರೆ ಸಂದು ಇರಲಿಲ್ಲ. ಎಲ್ಲಿ ಕೂಡಿತು ಎನ್ನುವ ಗೆರೆಯೂ ಇರಲಿಲ್ಲ. ಹಿಂದಿನಿಂದ ಊರು ಕೂಗಿದ್ದು ಕೇಳಿಸಿತು, ಅಪ್ಪ ತಿರುಗಿ ನೋಡಲಿಲ್ಲ. ನನ್ನ ಕೈ ಹಿಡಿದುಕೊಂಡು ಕೊನೆಯವರೆಗೂ ನಡೆದ.

ಆ ಕಡೆ ಕೆಂಪು ಮಣ್ಣಿತ್ತು. ಬಂದರೆಯ ಕುರುಚಲು ಗಿಡಗಳಿದ್ದವು. ಒಂದು ಚಪ್ಪಟೆ ಬಂಡೆಯಿತ್ತು. ಕಟ್ಟುವವರು ಬೇಯಿಸಿಕೊಂಡು ತಿಂದ ಒಲೆಯ ಬೂದಿ ಇತ್ತು. ಇಷ್ಟು ನೋಡಲು ಮೂವತ್ತೆಂಟು ವರ್ಷ ಹಿಡಿಯಿತಲ್ಲ ಎಂದು ನಗು ಬಂತು. ಅಪ್ಪ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದ. ಆಗ ನಾನು ತಿರುಗಿ ನೋಡಿದೆ. ನಮ್ಮ ಊರನ್ನು ಇಡಿಯಾಗಿ ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಕುಲುಮೆಯ ಚಿಮಣಿ, ತೂಕದ ಮನೆ, ಬಾವಿಕಟ್ಟೆ, ಮುನ್ನೂರ ಎಂಬತ್ತು ಮನೆಯ ಹೆಂಚು, ನಮ್ಮ ಮನೆಯ ಹಿತ್ತಲ ತಂತಿಯ ಮೇಲೆ ನಾನೇ ಒಣಹಾಕಿದ್ದ ಹಸಿರು ಸೀರೆ. ಸೇತುವೆಯ ಮೇಲೆ ಆಗಲೇ ಹಸೀನಾ ಮುಂದಾಗಿ ಬುಟ್ಟಿಗಳ ಸಾಲು ಹೊರಟಿತ್ತು.

"ಏನ್ ಕಾಣಿಸ್ತೈತೆ?" ಎಂದು ಅಪ್ಪ ಕೇಳಿದ. ಅವನ ಕಣ್ಣಿಗೆ ಪೊರೆ ಬಂದು ಐದಾರು ವರ್ಷವಾಗಿದೆ, ಅಷ್ಟು ದೂರ ಕಾಣುವುದಿಲ್ಲ.

"ನಮ್ಮೂರು ಕಾಣಿಸ್ತೈತಪ್ಪ" ಅಂದೆ. ಪಕ್ಕದಲ್ಲಿ ಕೂತು ಒಂದೊಂದಾಗಿ ಎಲ್ಲ ಹೇಳಿದೆ. ಅವನು ರೊಟ್ಟಿ ಮುರಿಯುತ್ತ ಪೂರ್ತಿ ಕೇಳಿಸಿಕೊಂಡ. ಅರ್ಧ ರೊಟ್ಟಿ ನನಗೆ ಕೊಟ್ಟ. ತಿಂದಾದ ಮೇಲೆ ಕೈ ಒರೆಸಿಕೊಂಡು ಎದ್ದು ನಿಂತ.

"ನಡಿ, ಕುಲುಮೆಗೆ ಹೊತ್ತಾಯ್ತು" ಅಂದ. "ಇವತ್ತಿನದಕ್ಕೆ ನಾನ್ ಹೇಳ್ತೀನಿ."